ಲೋನ್‌ಗೆ ಕಳಿಸಿದರು ಅಂದ್ರೆ ಆ ಹುಡುಗನ ಕಥೆ ಮುಗೀತಾ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಓದುತ್ತಿದ್ದೇನೆ. ಪ್ರೀಮಿಯರ್ ಲೀಗ್ ತಪ್ಪದೆ ನೋಡುತ್ತೇನೆ. ನನ್ನ ಮೆಚ್ಚಿನ ಕ್ಲಬ್‌ನಲ್ಲಿ 19 ವರ್ಷದ ಒಬ್ಬ ಸ್ಟ್ರೈಕರ್ ಇದ್ದಾನೆ. ಅಕಾಡೆಮಿಯಲ್ಲಿ ಗೋಲಿನ ಮೇಲೆ ಗೋಲು ಹೊಡೆದವನು. ಕ್ಲಬ್ ಅವನನ್ನು ಎರಡನೇ ಸಲ ಲೋನ್‌ಗೆ ಕಳಿಸಿದೆ. ಹೋದ ಕಡೆ ಗೋಲು ಬರುತ್ತಿಲ್ಲ. ಗೆಳೆಯರು ‘ಮುಗೀತು ಬಿಡೋ’ ಅನ್ನುತ್ತಾರೆ. ಲೋನ್‌ಗೆ ಕಳಿಸಿದರು ಎಂದರೆ ಕ್ಲಬ್‌ಗೆ ನಂಬಿಕೆ ಹೋಗಿದೆ ಎಂದೇ ಅರ್ಥವೇ? ಒಬ್ಬ ಯುವ ಫಾರ್ವರ್ಡ್ ಮುಂದೆ ಬರುತ್ತಾನೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಉತ್ತರ: ಮುಗಿದಿಲ್ಲ. ಲೋನ್ ಎಂದರೆ ಆಟಗಾರನನ್ನು ತನ್ನವನಾಗಿಯೇ ಇಟ್ಟುಕೊಂಡು ಸ್ವಲ್ಪ ಕಾಲ ಬೇರೆ ಕ್ಲಬ್‌ಗೆ ಆಡಲು ಕಳಿಸುವುದು, ಅಷ್ಟೇ. ಆದರೆ ಅದು ಯಾವಾಗಲೂ ಒಳ್ಳೆಯದೇ ಎಂದೂ ನಾನು ಹೇಳಲಾರೆ. ಲೋನ್‌ನಲ್ಲಿ ಎರಡು ಮೂರು ಬಗೆ ಇವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಒಳಗಿನ ವ್ಯತ್ಯಾಸ ತಿಳಿಯಲು ಇಬ್ಬರು ಹುಡುಗರ ಕಥೆ ಹೇಳುತ್ತೇನೆ. ಇಬ್ಬರೂ ಇಂಗ್ಲೆಂಡ್‌ನವರು, ಇಬ್ಬರೂ ಸ್ಟ್ರೈಕರ್‌ಗಳು. ಒಬ್ಬ ಹುಟ್ಟಿದ್ದು 1993ರ ಜುಲೈ 28ರಂದು. ಇನ್ನೊಬ್ಬ ಅದೇ ವರ್ಷ ಸೆಪ್ಟೆಂಬರ್ 5ರಂದು. ಮೊದಲನೆಯವನು ಹ್ಯಾರಿ ಕೇನ್. ಎರಡನೆಯವನು ಪ್ಯಾಟ್ರಿಕ್ ಬ್ಯಾಮ್‌ಫರ್ಡ್. ಇಬ್ಬರನ್ನೂ ಅವರವರ ದೊಡ್ಡ ಕ್ಲಬ್‌ಗಳು ಮತ್ತೆ ಮತ್ತೆ ಲೋನ್‌ಗೆ ಕಳಿಸಿದವು.

ಕೇನ್ ಚಿಕ್ಕವನಿದ್ದಾಗ ಆರ್ಸೆನಲ್ ಅಕಾಡೆಮಿಗೆ ಸೇರಿದ್ದ. ಒಂದೇ ಸೀಸನ್‌ನಲ್ಲಿ ಅವನನ್ನು ಬಿಟ್ಟುಬಿಟ್ಟರು. ಮೈ ದುಂಡಗಿತ್ತು, ಓಟದಲ್ಲಿ ಚುರುಕಿರಲಿಲ್ಲ. ಆಮೇಲೆ 11ರ ವಯಸ್ಸಿಗೆ ಟಾಟೆನ್‌ಹ್ಯಾಮ್ ಸೇರಿದ. ಅಲ್ಲೂ ಅವನೇನು ಎಲ್ಲರ ಬಾಯಲ್ಲಿ ಓಡಾಡುವ ಹುಡುಗನಾಗಿರಲಿಲ್ಲ. 2011ರ ಜನವರಿಯಲ್ಲಿ, 17ನೇ ವಯಸ್ಸಿನಲ್ಲಿ, ಮೂರನೇ ಹಂತದ, ಅಂದರೆ ಪ್ರೀಮಿಯರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಲೀಗ್‌ನ, ಲೇಟನ್ ಓರಿಯೆಂಟ್‌ಗೆ ಲೋನ್ ಮೇಲೆ ಹೋದ. 18 ಪಂದ್ಯ, 5 ಗೋಲು. ಮುಂದಿನ ವರ್ಷ ಎರಡನೇ ಹಂತದ ಮಿಲ್‌ವಾಲ್. 27 ಪಂದ್ಯ, 9 ಗೋಲು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. 2012ರಲ್ಲಿ ಪ್ರೀಮಿಯರ್ ಲೀಗ್‌ನ ನಾರ್ವಿಚ್‌ಗೆ ಹೋದ. ಅಲ್ಲಿ ಪಾದದ ಮೂಳೆ ಮುರಿಯಿತು. ಆಡಿದ್ದು 5 ಪಂದ್ಯ, ಗೋಲು ಸೊನ್ನೆ. 2013ರ ಫೆಬ್ರವರಿಯಲ್ಲಿ ಮತ್ತೆ ಎರಡನೇ ಹಂತಕ್ಕೆ ಇಳಿದು ಲೆಸ್ಟರ್ ಸೇರಿದ. 15 ಪಂದ್ಯ, 2 ಗೋಲು. ಅಲ್ಲಿ ಬಹುತೇಕ ಬೆಂಚ್ ಮೇಲೇ ಕೂತಿದ್ದ. ಅವನ ಪಕ್ಕದಲ್ಲಿ ಅದೇ ಬೆಂಚ್ ಮೇಲೆ ಕೂತಿದ್ದವನು ಜೇಮಿ ವಾರ್ಡಿ. ಮೂರು ವರ್ಷದ ನಂತರ ಲೆಸ್ಟರ್‌ಗೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟ ತಂಡದ ಸ್ಟ್ರೈಕರ್ ಇವನೇ.

ಒಟ್ಟು ನಾಲ್ಕು ಲೋನ್, 65 ಪಂದ್ಯ, 16 ಗೋಲು. 2013ರ ಬೇಸಿಗೆಯಲ್ಲಿ ಈ ಲೆಕ್ಕವನ್ನು ನಿಮ್ಮ ಗೆಳೆಯರ ಮುಂದೆ ಇಟ್ಟಿದ್ದರೆ ಆಗಲೂ ಅದೇ ಮಾತು ಹೇಳುತ್ತಿದ್ದರು, ಅಲ್ವಾ?

ಈಗ ಬ್ಯಾಮ್‌ಫರ್ಡ್ ಕಡೆ ಬನ್ನಿ. 2012ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಿಂದ ಚೆಲ್ಸಿ ಅವನನ್ನು ಕೊಂಡುಕೊಂಡಿತು. ಮೂರನೇ ಹಂತದ ಎಂಕೆ ಡಾನ್ಸ್‌ಗೆ ಲೋನ್ ಹೋಗಿ ಚೆನ್ನಾಗಿ ಗೋಲು ಹೊಡೆದ. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಡರ್ಬಿ. ಅಲ್ಲೂ ಗೋಲು ಬಂದವು. 2014–15ರಲ್ಲಿ ಮಿಡ್ಲ್ಸ್‌ಬರೋ ಪರ ಲೀಗ್‌ನಲ್ಲೇ 17 ಗೋಲು. ಆ ಸೀಸನ್‌ಗೆ ಎರಡನೇ ಹಂತದ ಇಡೀ ಲೀಗ್‌ನ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿಯೂ ಸಿಕ್ಕಿತು. ಲೋನ್‌ನಲ್ಲಿ ಹೊಡೆದ ಗೋಲು ಮಾತ್ರ ನೋಡಿದರೆ ಬ್ಯಾಮ್‌ಫರ್ಡ್ ಕೇನ್‌ಗಿಂತ ಎಷ್ಟೋ ಮುಂದಿದ್ದ.

ಆದರೆ ಚೆಲ್ಸಿ ಮೊದಲ ತಂಡದ ಪರ ಅವನು ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ. ಮುಂದಿನ ಲೋನ್‌ಗಳು ಕ್ರಿಸ್ಟಲ್ ಪ್ಯಾಲೇಸ್, ನಾರ್ವಿಚ್, ಬರ್ನ್ಲಿ. ಮೂರೂ ಪ್ರೀಮಿಯರ್ ಲೀಗ್ ಕ್ಲಬ್‌ಗಳೇ. ಮೂರರಲ್ಲಿ ಸೇರಿ ಲೀಗ್‌ನಲ್ಲಿ ಒಂದೂ ಗೋಲಿಲ್ಲ. ಆಡಲು ಬಿಟ್ಟರೆ ತಾನೇ ಗೋಲು ಬರುವುದು? ಬಂದರೆ ಕೊನೆಯ ಹತ್ತು ನಿಮಿಷ, ಇಲ್ಲದಿದ್ದರೆ ಬೆಂಚ್. 2017ರ ಜನವರಿಯಲ್ಲಿ ಚೆಲ್ಸಿ ಅವನನ್ನು ಮಿಡ್ಲ್ಸ್‌ಬರೋಗೆ ಮಾರಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಒಂದೇ ವಯಸ್ಸಿನ ಇಬ್ಬರು. ಲೋನ್‌ನಲ್ಲಿ ಜಾಸ್ತಿ ಗೋಲು ಹೊಡೆದವನಿಗೆ ತನ್ನ ಕ್ಲಬ್‌ನಲ್ಲಿ ಜಾಗ ಸಿಗಲಿಲ್ಲ. ಕಡಿಮೆ ಹೊಡೆದವನು ಕ್ಲಬ್ ಇತಿಹಾಸದಲ್ಲೇ ಅತಿ ಹೆಚ್ಚು, 280 ಗೋಲು ಹೊಡೆದ ಆಟಗಾರನಾದ. ಹೀಗೇಕೆ? ಪ್ರತಿಭೆಯಲ್ಲಿ ವ್ಯತ್ಯಾಸ ಇದ್ದೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೇನ್ ಚೆಂಡಿಗೆ ಒದೆಯುವ ರೀತಿ ಬೇರೆಯೇ. ಆದರೆ 20ರ ವಯಸ್ಸಿನಲ್ಲಿ ಆ ವ್ಯತ್ಯಾಸ ಯಾರಿಗೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ವಾಪಸ್ ಬಂದಾಗ ಮನೆಯಲ್ಲಿ ಬಾಗಿಲು ತೆರೆದಿತ್ತೋ ಇಲ್ಲವೋ ಎಂಬುದು.

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಜಾಗ ತೀರಾ ಇಕ್ಕಟ್ಟಿನದು. ಮಿಡ್‌ಫೀಲ್ಡ್‌ನಲ್ಲಿ ಮೂವರು ಆಡುತ್ತಾರೆ. ಹಿಂದೆ ನಾಲ್ವರು. ಮುಂದೆ, ನಡುವಿನಲ್ಲಿ, ಈಗಿನ ಹೆಚ್ಚಿನ ತಂಡಗಳಲ್ಲಿ ಒಬ್ಬನೇ. ಯುವ ಡಿಫೆಂಡರ್‌ನನ್ನು ಸ್ವಲ್ಪ ದಿನ ಬದಿಯಲ್ಲಿ ಆಡಿಸಿ ಬೆಳೆಸಬಹುದು. ಸ್ಟ್ರೈಕರ್‌ನನ್ನು ಎಲ್ಲಿ ಬಚ್ಚಿಡುವುದು? ಮೂರು ಪಂದ್ಯ ಗೋಲು ಬರಲಿಲ್ಲ ಎಂದರೆ ಇಡೀ ಸ್ಟೇಡಿಯಂಗೆ ಗೊತ್ತಾಗುತ್ತದೆ. ಮ್ಯಾನೇಜರ್‌ಗೆ ತನ್ನ ಕೆಲಸ ಉಳಿಸಿಕೊಳ್ಳುವ ಚಿಂತೆ. ಅವನು ದುಡ್ಡು ಕೊಟ್ಟು ತಂದ, ಈಗಾಗಲೇ ಗೋಲು ಹೊಡೆದು ತೋರಿಸಿದ ಆಟಗಾರನನ್ನೇ ಇಳಿಸುತ್ತಾನೆ. ಅದನ್ನು ತಪ್ಪು ಎನ್ನಲೂ ಆಗುವುದಿಲ್ಲ.

ಕೇನ್‌ಗೆ ಎದುರಾಗಿದ್ದೂ ಇದೇ. 2013ರಲ್ಲಿ ಟಾಟೆನ್‌ಹ್ಯಾಮ್ 26 ಮಿಲಿಯನ್ ಪೌಂಡ್ ಕೊಟ್ಟು ವೆಲೆನ್ಸಿಯಾದಿಂದ ರೊಬೆರ್ತೊ ಸೊಲ್ದಾದೊನನ್ನು ತಂದಿತ್ತು. ಎಮಾನ್ಯುಯೆಲ್ ಅಡೆಬಯೋರ್ ಕೂಡ ಇದ್ದ. ಆದರೆ ಸೊಲ್ದಾದೊಗೆ ಗೋಲು ಬರಲಿಲ್ಲ. ಆ ಡಿಸೆಂಬರ್‌ನಲ್ಲಿ ಮ್ಯಾನೇಜರ್ ಬದಲಾದರು. ಬಂದವರು ಟಿಮ್ ಶೆರ್‌ವುಡ್. ಅವರು ಕ್ಲಬ್‌ನ ಎಳೆಯ ಆಟಗಾರರ ಜೊತೆಗೇ ಕೆಲಸ ಮಾಡಿಕೊಂಡಿದ್ದವರು, ಕೇನ್‌ನನ್ನು ಹತ್ತಿರದಿಂದ ಕಂಡವರು. 2014ರ ಏಪ್ರಿಲ್ 7ರಂದು ಸಂಡರ್‌ಲ್ಯಾಂಡ್ ಎದುರು ಕೇನ್ ಟಾಟೆನ್‌ಹ್ಯಾಮ್ ಪರ ಮೊದಲ ಸಲ ಲೀಗ್ ಪಂದ್ಯವನ್ನು ಶುರುವಿನಿಂದ ಆಡಿದ. ಗೋಲು ಹೊಡೆದ. ಮುಂದಿನ ಎರಡು ಪಂದ್ಯಗಳಲ್ಲೂ ಹೊಡೆದ.

ಅಷ್ಟಾದರೂ ಮುಂದಿನ ಸೀಸನ್‌ನಲ್ಲಿ ಹೊಸ ಮ್ಯಾನೇಜರ್ ಮೌರಿಸಿಯೊ ಪೊಚೆಟಿನೊ ಅವನನ್ನು ಲೀಗ್‌ನಲ್ಲಿ ಬೆಂಚ್ ಮೇಲೇ ಕೂರಿಸಿದರು. ಆಗ ಕೇನ್‌ಗೆ ನೆರವಾಗಿದ್ದು ಯುರೋಪಾ ಲೀಗ್, ಯುರೋಪಿನ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿ. ದೊಡ್ಡ ಹೆಸರಿನ ಆಟಗಾರರಿಗೆ ಗುರುವಾರ ರಾತ್ರಿಯ ಆ ಪಂದ್ಯಗಳೆಂದರೆ ಅಷ್ಟಕ್ಕಷ್ಟೇ. ಕೇನ್‌ಗೆ ಮಾತ್ರ ಅದೇ ಪರೀಕ್ಷೆ. 2014ರ ಅಕ್ಟೋಬರ್‌ನಲ್ಲಿ ಗ್ರೀಸ್‌ನ ಆಸ್ಟೆರಾಸ್ ಟ್ರಿಪೊಲಿಸ್ ಎದುರು ಹ್ಯಾಟ್ರಿಕ್ ಹೊಡೆದ. ಅದೇ ಪಂದ್ಯದಲ್ಲಿ ಗೋಲ್‌ಕೀಪರ್‌ಗೆ ರೆಡ್ ಕಾರ್ಡ್ ಸಿಕ್ಕಿ, ಗ್ಲವ್ಸ್ ಹಾಕಿಕೊಂಡು ಗೋಲಿನಲ್ಲೂ ನಿಂತ, ಒಂದು ಗೋಲು ಬಿಟ್ಟುಕೊಟ್ಟ! ನವೆಂಬರ್ 2ರಂದು ಆಸ್ಟನ್ ವಿಲ್ಲಾ ಎದುರು ಬೆಂಚ್‌ನಿಂದ ಇಳಿದು ಕೊನೆಯ ಗಳಿಗೆಯಲ್ಲಿ ಫ್ರೀ ಕಿಕ್‌ನಲ್ಲಿ ಗೆಲುವಿನ ಗೋಲು. ಅಲ್ಲಿಂದಾಚೆಗೆ ಅವನನ್ನು ಹೊರಗಿಡಲು ಆಗಲಿಲ್ಲ. ಸೀಸನ್ ಮುಗಿದಾಗ ಎಲ್ಲ ಟೂರ್ನಿ ಸೇರಿ 31 ಗೋಲು. ಮಾರ್ಚ್‌ನಲ್ಲಿ ಲಿಥುವೇನಿಯಾ ಎದುರು ಇಂಗ್ಲೆಂಡ್ ಪರ ಮೈದಾನಕ್ಕಿಳಿದ 79 ಸೆಕೆಂಡ್‌ಗೆ ಮೊದಲ ಗೋಲು.

ಬ್ಯಾಮ್‌ಫರ್ಡ್‌ಗೆ ಇಂಥ ಬಾಗಿಲು ಯಾವತ್ತೂ ತೆರೆಯಲಿಲ್ಲ. ಅವನು ಮಿಡ್ಲ್ಸ್‌ಬರೋದಲ್ಲಿ ಗೋಲು ಹೊಡೆಯುತ್ತಿದ್ದ ವರ್ಷವೇ ಚೆಲ್ಸಿ ದಿಯೆಗೊ ಕೋಸ್ಟಾನನ್ನು ತಂದಿತ್ತು. ಕೋಸ್ಟಾ ಬಂದ ವರ್ಷವೇ ಚೆಲ್ಸಿ ಲೀಗ್ ಗೆದ್ದಿತು. ಮರುವರ್ಷ ರದಾಮೆಲ್ ಫಾಲ್ಕಾವೊ ಬಂದ. ಅದರ ಮರುವರ್ಷ ಮಿಷಿ ಬಾತ್‌ಶುವಾಯಿ. ಬ್ಯಾಮ್‌ಫರ್ಡ್ ಏನೇ ಮಾಡಿದರೂ ಸಾಲಿನಲ್ಲಿ ಅವನ ಮುಂದೆ ಇನ್ನೊಬ್ಬ ಬಂದು ನಿಲ್ಲುತ್ತಿದ್ದ. ಚೆಲ್ಸಿ ಆ ವರ್ಷಗಳಲ್ಲಿ ಹತ್ತಾರು ಹುಡುಗರನ್ನು ಲೋನ್‌ಗೆ ಕಳಿಸುತ್ತಿತ್ತು. ಅವರಲ್ಲಿ ಬಹಳಷ್ಟು ಜನರನ್ನು ಬೆಳೆಸಿದ್ದು ತಂಡದಲ್ಲಿ ಆಡಿಸಲು ಅಲ್ಲ, ಒಳ್ಳೆಯ ಬೆಲೆಗೆ ಮಾರಲು. ಈ ಪದ್ಧತಿ ನನಗೆ ಯಾವತ್ತೂ ಇಷ್ಟವಾಗಿಲ್ಲ. ಹುಡುಗನ 19ರಿಂದ 23ರವರೆಗಿನ ವರ್ಷಗಳು ಮತ್ತೆ ಬರುವುದಿಲ್ಲ. 2022ರ ಜುಲೈಯಿಂದ ಫಿಫಾ ಇದಕ್ಕೆ ಕಡಿವಾಣ ಹಾಕಿದೆ. ಒಂದು ಕ್ಲಬ್ ಬೇರೆ ದೇಶಗಳಿಗೆ ಕಳಿಸುವ ಲೋನ್‌ಗೆ ಮೊದಲು 8, ಆಮೇಲೆ 7, 2024ರ ಜುಲೈಯಿಂದ 6 ಎಂಬ ಮಿತಿ ಬಂತು. ಒಂದು ಲೋನ್ ಒಂದು ವರ್ಷಕ್ಕಿಂತ ಹೆಚ್ಚಿರಬಾರದು. ಆದರೆ 21 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು, ಹಾಗೆಯೇ ಕ್ಲಬ್‌ನಲ್ಲೇ ತರಬೇತಿ ಪಡೆದು ಬೆಳೆದವರು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಿಮ್ಮ 19ರ ಹುಡುಗನಿಗೆ ಈ ನಿಯಮದಿಂದ ಹೆಚ್ಚೇನೂ ಬದಲಾಗುವುದಿಲ್ಲ.

ಲೋನ್‌ಗೆ ಕಳಿಸುವುದೇಕೆ, ಅಕಾಡೆಮಿ ತಂಡದಲ್ಲೇ ಆಡಿಸಬಾರದೇ ಎಂದು ನೀವು ಕೇಳಬಹುದು. ಎಳೆಯರ ಪಂದ್ಯದಲ್ಲಿ ಎದುರಿಗಿರುವ ಡಿಫೆಂಡರ್‌ಗೂ 19–20 ವರ್ಷ. ಸೋತರೆ ಬೇಜಾರು, ಅಷ್ಟೇ. ಮೂರನೇ ಹಂತದ ಲೀಗ್‌ನಲ್ಲಿ ಎದುರಿಗೆ ನಿಲ್ಲುವವನಿಗೆ 32 ವರ್ಷ. ಮನೆ ಸಾಲ ಇದೆ, ಮಕ್ಕಳ ಫೀಸ್ ಇದೆ. ಗೆದ್ದರೆ ಸಿಗುವ ಬೋನಸ್ ಅವನಿಗೆ ಬೇಕೇ ಬೇಕು. ಅವನು ಹುಡುಗನಿಗೆ ಭುಜ ಕೊಟ್ಟು ನೂಕುತ್ತಾನೆ, ಅಂಗಿ ಹಿಡಿದು ಎಳೆಯುತ್ತಾನೆ, ಕಿವಿಯ ಹತ್ತಿರ ಬೈಯುತ್ತಾನೆ. ಗೋಲಿಗೆ ಬೆನ್ನು ತಿರುಗಿಸಿ ನಿಂತು, ಹಿಂದಿನಿಂದ ಬರುವ ಆ ಭಾರವನ್ನು ತಡೆದುಕೊಂಡು ಚೆಂಡನ್ನು ಕಾಪಾಡುವುದು ಅಕಾಡೆಮಿಯಲ್ಲಿ ಬರುವ ವಿದ್ಯೆಯಲ್ಲ. ಕೇನ್ ಮಿಲ್‌ವಾಲ್‌ನಲ್ಲಿದ್ದಾಗ ಆ ಕ್ಲಬ್ ಕೆಳಗಿನ ಹಂತಕ್ಕೆ ಬೀಳದಂತೆ ಒದ್ದಾಡುತ್ತಿತ್ತು. ಆ ದಿನಗಳೇ ತನ್ನನ್ನು ಗಟ್ಟಿ ಮಾಡಿದವು ಎಂದು ಅವನು ಆಮೇಲೆ ಹೇಳಿಕೊಂಡಿದ್ದಾನೆ.

ಲೆಸ್ಟರ್ ದಿನಗಳ ಬಗ್ಗೆಯೂ ಅವನು ಮುಚ್ಚುಮರೆಯಿಲ್ಲದೆ ಮಾತಾಡಿದ್ದಾನೆ. ಬೆಂಚ್ ಮೇಲೆ ಕೂತು ಕೂತು ಮನಸ್ಸು ಕುಗ್ಗಿತ್ತು. ಇಲ್ಲೇ ಆಡಲು ಆಗದಿದ್ದರೆ ಪ್ರೀಮಿಯರ್ ಲೀಗ್‌ನಲ್ಲಿ ಹೇಗೆ ಆಡಲಿ ಎಂಬ ಯೋಚನೆ ಬರುತ್ತಿತ್ತು. ಬಿಟ್ಟು ಬರುತ್ತೇನೆ ಎಂದಾಗ ಅಪ್ಪ ಬೇಡ ಎಂದರು. ಈಗ ಬಿಟ್ಟು ಬಂದರೆ ಟಾಟೆನ್‌ಹ್ಯಾಮ್‌ನವರು ಏನೆಂದುಕೊಳ್ಳುತ್ತಾರೆ ಎಂದು ಕೇಳಿದರಂತೆ. ಎಳೆಯ ಸ್ಟ್ರೈಕರ್‌ಗಳ ಜೊತೆ ಕೆಲಸ ಮಾಡುವವನಾಗಿ ನನಗೆ ಈ ಭಾಗ ತುಂಬಾ ಮುಖ್ಯ ಎನಿಸುತ್ತದೆ. ಗೊತ್ತಿಲ್ಲದ ಊರು, ಬಾಡಿಗೆ ಮನೆ, ಆಟವಿಲ್ಲದ ಶನಿವಾರ. ಅಷ್ಟು ಸಾಲದು ಎಂಬಂತೆ ಫೋನ್ ತೆಗೆದರೆ ನಮ್ಮಂಥವರ ಕಾಮೆಂಟ್‌ಗಳು. 19ರ ಹುಡುಗನಿಗೆ ಇದು ಸಣ್ಣ ಭಾರವಲ್ಲ.

ಸರಿ, ನಿಮ್ಮ ಹುಡುಗನನ್ನು ಹೇಗೆ ನೋಡಬೇಕು? ಮೊದಲು ಗೋಲಿನ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ. ತಿಂಗಳಿಗೆ ನಾಲ್ಕು ಪಂದ್ಯವಿದ್ದರೆ ಅದರಲ್ಲಿ ಎಷ್ಟನ್ನು ಅವನು ಶುರುವಿನಿಂದ ಆಡಿದ? ಬೆಂಚ್‌ನಿಂದ ಬಂದು ಹತ್ತು ನಿಮಿಷ ಆಡಿದ ಹತ್ತು ಪಂದ್ಯ ಸೇರಿದರೂ ಒಂದು ಪೂರ್ತಿ ಪಂದ್ಯ ಆಡಿದ ಪಾಠ ಆಗುವುದಿಲ್ಲ. ಮೊದಲ ಅರ್ಧದಲ್ಲಿ ಡಿಫೆಂಡರ್‌ನನ್ನು ಓದಿಕೊಂಡು, ಎರಡನೇ ಅರ್ಧದಲ್ಲಿ ಅವನಿಗೆ ಬಲೆ ಹಾಕುವುದು ಸ್ಟ್ರೈಕರ್‌ನ ಕೆಲಸ. ಹತ್ತು ನಿಮಿಷದಲ್ಲಿ ಓದುವುದೂ ಆಗದು, ಬಲೆ ಹಾಕುವುದೂ ಆಗದು. ಬ್ಯಾಮ್‌ಫರ್ಡ್‌ನ ಮೊದಲ ಮೂರು ಲೋನ್ ಚೆನ್ನಾಗಿದ್ದಿದ್ದು, ನಂತರದ ಮೂರು ಹಾಳಾಗಿದ್ದು ಇದೇ ಕಾರಣಕ್ಕೆ.

ಎರಡನೆಯದು, ಅವನಿಗೆ ಅವಕಾಶ ಬರುತ್ತಿದೆಯೇ ಎಂಬುದು. ಗೋಲು ಬರುವುದು ಹೋಗುವುದು ಇದ್ದೇ ಇದೆ. ಬಾಕ್ಸ್ (ಗೋಲಿನ ಮುಂದೆ ಗೆರೆ ಎಳೆದ ಚೌಕ) ಒಳಗೆ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪುತ್ತಿದ್ದಾನೆಯೇ ಎಂಬುದು ಹೆಚ್ಚು ನಂಬಬಹುದಾದ ಗುರುತು. ಇದನ್ನು ಅಳೆಯಲು ಈಗ ಎಕ್ಸ್‌ಜಿ ಎಂಬ ಲೆಕ್ಕ ಇದೆ. ಪ್ರತಿ ಶಾಟ್‌ಗೂ ಅದು ಗೋಲಾಗುವ ಸಾಧ್ಯತೆ ಎಷ್ಟು ಎಂದು ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತಾರೆ. ಪೆನಾಲ್ಟಿಗೆ ಮುಕ್ಕಾಲಿಗಿಂತ ಚೂರು ಜಾಸ್ತಿ. ಬಾಕ್ಸ್ ಹೊರಗಿನ ದೂರದ ಒದೆತಕ್ಕೆ ತೀರಾ ಕಡಿಮೆ. ಎಲ್ಲ ಶಾಟ್‌ಗಳ ಅಂಕ ಕೂಡಿಸಿದರೆ ಅವನಿಂದ ಎಷ್ಟು ಗೋಲು ಬರಬೇಕಿತ್ತು ಎಂಬ ಅಂದಾಜು ಸಿಗುತ್ತದೆ. ಇಪ್ಪತ್ತು ಪಂದ್ಯದಲ್ಲಿ 3 ಗೋಲು ಹೊಡೆದಿದ್ದಾನೆ, ಆದರೆ ಎಕ್ಸ್‌ಜಿ 7 ಇದೆ ಎಂದರೆ ನಾನು ಆ ಹುಡುಗನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸರಿಯಾದ ಜಾಗಕ್ಕೆ ಹೋಗುವುದು ಅವನಿಗೆ ಗೊತ್ತಿದೆ. ಒದೆತ ತಿದ್ದಬಹುದು. ಇದು ತಿರುಗಿ, ಎಕ್ಸ್‌ಜಿ 2 ಇದ್ದು ಗೋಲು 6 ಇದ್ದರೆ ಆಗ ನನಗೆ ಚಿಂತೆ. ದೂರದಿಂದ ಹೊಡೆದ ಎರಡು ಚೆಂದದ ಗೋಲಿಗೆ ಮರುಳಾಗಿ ದುಡ್ಡು ಸುರಿದ ಕ್ಲಬ್‌ಗಳು ಕಡಿಮೆಯೇನಿಲ್ಲ.

ಬ್ಯಾಮ್‌ಫರ್ಡ್ ಇದಕ್ಕೂ ಉದಾಹರಣೆ. 2018ರಲ್ಲಿ ಲೀಡ್ಸ್ ಸೇರಿದ. ಎಷ್ಟೋ ಸುಲಭದ ಗೋಲು ತಪ್ಪಿಸುತ್ತಾನೆ ಎಂದು ಜನ ಆಡಿಕೊಂಡರು. ಮ್ಯಾನೇಜರ್ ಮಾರ್ಸೆಲೊ ಬಿಯೆಲ್ಸಾ ಮಾತ್ರ ಅವನನ್ನು ಬಿಡಲಿಲ್ಲ. ಅವನ ಓಟ, ಎದುರಾಳಿಯನ್ನು ಒತ್ತುವ ಕೆಲಸ, ಮತ್ತೆ ಮತ್ತೆ ಬಾಕ್ಸ್ ಒಳಗೆ ತಲುಪುವ ರೀತಿ ಅವರಿಗೆ ಬೇಕಿತ್ತು. 2020ರಲ್ಲಿ ಲೀಡ್ಸ್ ಪ್ರೀಮಿಯರ್ ಲೀಗ್‌ಗೆ ಏರಿತು. ಏರಿದ ಮೊದಲ ಸೀಸನ್‌ನಲ್ಲೇ ಬ್ಯಾಮ್‌ಫರ್ಡ್ 17 ಗೋಲು ಹೊಡೆದ. 2021ರ ಸೆಪ್ಟೆಂಬರ್ 5ರಂದು, ತನ್ನ 28ನೇ ಹುಟ್ಟುಹಬ್ಬದ ದಿನ, ಅಂಡೋರಾ ಎದುರು ಇಂಗ್ಲೆಂಡ್ ಅಂಗಿ ತೊಟ್ಟ. ಚೆಲ್ಸಿಯಲ್ಲಿ ಜಾಗ ಸಿಗದ ಮಾತ್ರಕ್ಕೆ ಅವನ ಬದುಕು ಅಲ್ಲಿಗೇ ನಿಲ್ಲಲಿಲ್ಲ. ದಾರಿ ಸುತ್ತುಬಳಸಾಯಿತು, ಅಷ್ಟೇ.

ಮೂರನೆಯದು ಮೈ. ಇದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಹೇಳುತ್ತೇನೆ. ಆನ್ಸು ಫಾಟಿ ನೆನಪಿದೆಯೇ? 2019ರ ಆಗಸ್ಟ್‌ನಲ್ಲಿ, ಇನ್ನೂ 16 ವರ್ಷ, ಬಾರ್ಸಿಲೋನಾ ಪರ ಆಡಿದ. ಅದೇ ತಿಂಗಳು ಗೋಲನ್ನೂ ಹೊಡೆದ. ಡಿಸೆಂಬರ್‌ನಲ್ಲಿ ಇಂಟರ್ ಮಿಲಾನ್ ಎದುರು ಚಾಂಪಿಯನ್ಸ್ ಲೀಗ್‌ನ ಅತಿ ಕಿರಿಯ ಗೋಲುಗಾರನಾದ. ಅವನಿಗೆ ಲೋನ್ ಬೇಕಾಗಲೇ ಇಲ್ಲ, ನೇರ ದೊಡ್ಡ ಮೈದಾನ. 2020ರ ನವೆಂಬರ್‌ನಲ್ಲಿ ಬೆಟಿಸ್ ಎದುರು ಎಡ ಮಂಡಿಯ ಮೆನಿಸ್ಕಸ್ ಹರಿಯಿತು. ತೊಡೆ ಮೂಳೆ, ಕಾಲಿನ ಮೂಳೆ ಎರಡರ ನಡುವಿನ ಮೆತ್ತೆ ಅದು. ಓಡುತ್ತಾ ಓಡುತ್ತಾ ಗಕ್ಕನೆ ತಿರುಗುವಾಗ ಪೂರ್ತಿ ಭಾರ ಅದರ ಮೇಲೆ. ಫಾರ್ವರ್ಡ್‌ನ ಆಟವೇ ಆ ತಿರುವು. ಒಂದಕ್ಕಿಂತ ಹೆಚ್ಚು ಸಲ ಆಪರೇಷನ್ ಆಯಿತು. ಹತ್ತು ತಿಂಗಳಿಗೂ ಮೀರಿ ಹೊರಗಿದ್ದು ವಾಪಸ್ ಬಂದಾಗ ಅವನ ಬೆನ್ನ ಮೇಲೆ ಮೆಸ್ಸಿ ಬಿಟ್ಟುಹೋದ 10ನೇ ನಂಬರ್ ಅಂಗಿ. ಆ ವಯಸ್ಸಿಗೆ, ಆ ಮಂಡಿಗೆ, ಆ ನಂಬರ್ ಕೊಡಬಾರದಿತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ಆಮೇಲೆ ಬ್ರೈಟನ್‌ಗೆ ಲೋನ್, ಮುಂದೆ ಮೊನಾಕೊಗೆ ಲೋನ್. ನಿಮ್ಮ ಹುಡುಗ 19ಕ್ಕೆ ಎರಡನೇ ಹಂತದಲ್ಲಿ ನಿಧಾನವಾಗಿ ಆಡುತ್ತಿದ್ದಾನೆ ಎಂದರೆ ಅದರಲ್ಲೂ ಒಂದು ಒಳ್ಳೆಯದಿದೆ.

ತನ್ನ ಹೆಜ್ಜೆಯನ್ನು ತಾನೇ ಸರಿಯಾಗಿ ಆರಿಸಿಕೊಂಡವನು ಅರ್ಲಿಂಗ್ ಹಾಲಂಡ್. ನಾರ್ವೆಯ ಬ್ರೈನೆ ಕ್ಲಬ್‌ನ ಹಿರಿಯರ ತಂಡದಲ್ಲಿ 16 ಪಂದ್ಯ ಆಡಿ ಒಂದೂ ಗೋಲು ಹೊಡೆದಿರಲಿಲ್ಲ. ಅಲ್ಲಿಂದ ಮೊಲ್ಡೆ, ಅಲ್ಲಿಂದ ಆಸ್ಟ್ರಿಯಾದ ಸಾಲ್ಜ್‌ಬರ್ಗ್, 2020ರ ಜನವರಿಯಲ್ಲಿ ಡಾರ್ಟ್‌ಮುಂಡ್. ಆ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಅವನ ಹಿಂದೆ ಬಿದ್ದಿತ್ತು. ಅವನು ನಿಯಮಿತವಾಗಿ ಆಡಲು ಸಿಗುವ ಕಡೆ ಹೋದ. ಪ್ರತಿ ಸಲವೂ ಒಂದೇ ಮೆಟ್ಟಿಲು ಏರಿದ.

ನಮ್ಮ ಕಡೆಯ ಮಾತೂ ಒಂದು. ಇಲ್ಲಿನ ಯುವ ಸ್ಟ್ರೈಕರ್‌ಗೆ ಬಾಗಿಲು ಇನ್ನೂ ಕಿರಿದು. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ಗಳು ವಿದೇಶಿ ಆಟಗಾರರ ಜಾಗವನ್ನು ಮೊದಲು ತುಂಬುವುದೇ ಸ್ಟ್ರೈಕರ್‌ನಿಂದ. 2024–25ರ ಸೀಸನ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು, 14, ಹೊಡೆದವರು ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ. ಆಗ ಅವರಿಗೆ 40 ವರ್ಷ. ಅದು ಅವರ ಹಿರಿಮೆ, ಜೊತೆಗೆ ನಮ್ಮ ಕೊರತೆಯೂ ಹೌದು. ಅದೇ ಕ್ಲಬ್‌ನ ಎಳೆಯರ ತಂಡದಿಂದ ಬಂದ ಶಿವಶಕ್ತಿ ನಾರಾಯಣನ್ 2022ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ಎದುರು ಗೋಲು ಹೊಡೆದ. ಆ ಸೀಸನ್‌ನ ಕೊನೆಯ ತಿಂಗಳುಗಳಲ್ಲಿ ಶಿವಶಕ್ತಿ ಶುರುವಿನಿಂದ ಆಡಿದ, ಛೆಟ್ರಿ ಬೆಂಚ್‌ನಿಂದ ಇಳಿದರು. ಕೋಚ್‌ಗೆ ಆ ಧೈರ್ಯ ಇದ್ದಿದ್ದಕ್ಕೆ ಹುಡುಗ ಕಂಡ. ಐಎಸ್‌ಎಲ್ ಫೈನಲ್‌ನಲ್ಲಿ ಶುರುವಾದ ಕೂಡಲೇ ಪೆಟ್ಟಾಗಿ ಹೊರಬರಬೇಕಾಯಿತು. ಅವನ ಬದಲು ಇಳಿದವರೂ ಛೆಟ್ರಿಯೇ.

ಕೊನೆಯದಾಗಿ, ಯಾವ ಲೋನ್ ನಿಜಕ್ಕೂ ಕೆಟ್ಟ ಸೂಚನೆ? ಒಪ್ಪಂದದಲ್ಲಿ ‘ಸೀಸನ್ ಮುಗಿದ ಮೇಲೆ ಕಡ್ಡಾಯ ಖರೀದಿ’ ಎಂಬ ಷರತ್ತಿದ್ದರೆ ಅದು ಲೋನ್ ಹೆಸರಿನ ಮಾರಾಟ, ಹುಡುಗ ವಾಪಸ್ ಬರುವುದು ಅನುಮಾನ. ‘ಬೇಕಿದ್ದರೆ ಖರೀದಿ’ ಎಂದಿದ್ದರೆ ಇನ್ನೂ ಎರಡೂ ದಾರಿ ತೆರೆದಿವೆ. ಯಾವ ಷರತ್ತೂ ಇಲ್ಲದೆ, ಜನವರಿಯಲ್ಲಿ ವಾಪಸ್ ಕರೆಸಿಕೊಳ್ಳುವ ಹಕ್ಕನ್ನು ಕ್ಲಬ್ ಇಟ್ಟುಕೊಂಡಿದ್ದರೆ ಅದು ನಂಬಿಕೆಯ ಗುರುತು. ಆಡಿಸುತ್ತಿಲ್ಲ ಎಂದು ಕಂಡರೆ ಕರೆಸಿಕೊಂಡು ಬೇರೆ ಕಡೆ ಕಳಿಸಬಹುದು. ನಾರ್ವಿಚ್‌ನಿಂದ ಕೇನ್‌ನನ್ನು ಕರೆಸಿಕೊಂಡು ಲೆಸ್ಟರ್‌ಗೆ ಕಳಿಸಿದ ಹಾಗೆ. ಇದರ ಜೊತೆಗೆ ಅವನ ಕಾಂಟ್ರಾಕ್ಟ್ ನೋಡಿ. ಲೋನ್‌ಗೆ ಕಳಿಸುವ ಮುನ್ನ ಅವಧಿ ವಿಸ್ತರಿಸಿದ್ದರೆ ಕ್ಲಬ್ ಅವನನ್ನು ಕಳೆದುಕೊಳ್ಳಲು ಸಿದ್ಧವಿಲ್ಲ. ಒಂದೇ ವರ್ಷ ಉಳಿದಿದ್ದು, ಹೊಸ ಮಾತುಕತೆಯೂ ಇಲ್ಲದೆ, ಅದೇ ಬೇಸಿಗೆಯಲ್ಲಿ ಕ್ಲಬ್ ಅವನ ಜಾಗಕ್ಕೆ ಐದು ವರ್ಷದ ಕಾಂಟ್ರಾಕ್ಟ್ ಕೊಟ್ಟು ಇನ್ನೊಬ್ಬ 21ರ ಸ್ಟ್ರೈಕರ್‌ನನ್ನು ತಂದಿದ್ದರೆ, ಆಗ ಆ ಹುಡುಗನನ್ನು ಮುಂದಿನ ವರ್ಷ ಬೇರೆ ಕ್ಲಬ್‌ನ ಅಂಗಿಯಲ್ಲಿ ನೋಡಲು ತಯಾರಾಗಿರಿ. ಅವನ ಆಟ ಇಷ್ಟವಾದರೆ ಅಲ್ಲೂ ಅವನನ್ನು ಹಿಂಬಾಲಿಸಿ. 19ರ ಸ್ಟ್ರೈಕರ್‌ಗೆ ಇನ್ನೂ ಹತ್ತು ಹನ್ನೆರಡು ಸೀಸನ್ ಬಾಕಿ ಇವೆ.